ಪುಟ್ಟಿ ಬರೆದ ಮೆಸೇಜುಗಳು

ಡೇಟಿಂಗ್ ಆ್ಯಪ್ ಹಾಕಿಕೊಟ್ಟದ್ದು ನನ್ನ ನಾದಿನಿ. ಮನೆಯಲ್ಲಿ ಎಲ್ಲರಿಗಿಂತ ಎತ್ತರ ಇರುವ ಅವಳನ್ನು ಪುಟ್ಟಿ ಎಂದು ಕರೆಯುತ್ತೇವೆ. ಟೈಲ್ಸ್ ಅಂಗಡಿಯಲ್ಲಿ ಕೆಲಸ. ನೆಲಕ್ಕೆ ಬೇಕೆಂದು ಬಂದವರಿಗೆ ಗೋಡೆಗೂ ಸೇರಿಸಿ ಕಟ್ಟಿ ಕಳಿಸುವವಳು.

"ಬಾತ್‌ರೂಮ್ ಟೈಲ್ಸ್ ಮಾರೋಳಿಗೆ ಅತ್ತಿಗೇನ ದಾಟಿಸೋದು ಕಷ್ಟಾನಾ?" ಎಂದಳು.

"ನಾನು ಮಾರಾಟಕ್ಕಿಲ್ಲ."

"ಗೊತ್ತು. ಸುಮ್ನೆ ಶೋಕೇಸಲ್ಲಿ ಇಡ್ತೀನಿ. ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ."

ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಅವಳ ಅಣ್ಣ ಹೋಗಿ ವರ್ಷ ದಾಟಿತ್ತು. ತಲೆನೋವೆಂದು ಆಫೀಸಿನ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಆಮೇಲೆ ನಾನು ಅತ್ತದ್ದು ಕಡಿಮೆ. ಕೂರಲು ಮಾತ್ರ ಆಗುವುದಿಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪ್ ಬರುವ ಮೊದಲೇ ಇಳಿದು ನಡೆಯುತ್ತೇನೆ. ಊಟದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಾಲ್ಕನಿಗೆ ಹೋಗುತ್ತೇನೆ, ಅಲ್ಲಿಂದ ವಾಪಸು ಬರುತ್ತೇನೆ. "ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ?" ಎಂದು ಅತ್ತೆ ಕೇಳುತ್ತಾರೆ. ಕೆಲಸದಲ್ಲಿ ಮಾತ್ರ ಕೂರುತ್ತೇನೆ. ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಗಾಜಿನಾಚೆ, ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡವರು ಕೂರುತ್ತಾರೆ, ಈಚೆ ನಾನು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಸದ್ದೇ ಇಲ್ಲದಾಗಲೂ ಒತ್ತುವವರಿದ್ದಾರೆ, ಹೇಗಾದರೂ ಪಾಸಾಗಬೇಕೆಂದು.

ನಮ್ಮ ಊರು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಮೆಡಿಕಲ್ ಶಾಪಿನವನಿಗೂ ಬ್ಯಾಂಕಿನ ಕೌಂಟರಿನವಳಿಗೂ ನನ್ನ ಕಥೆ ಗೊತ್ತು. ನನ್ನನ್ನು ಕಂಡೊಡನೆ ಎಲ್ಲರೂ ದನಿ ತಗ್ಗಿಸುತ್ತಾರೆ, ರೋಗಿಯ ಮಂಚದ ಪಕ್ಕ ನಿಂತ ಹಾಗೆ. ನನ್ನೆದುರು ದನಿ ತಗ್ಗಿಸದ ಒಬ್ಬ ಮನುಷ್ಯ ಬೇಕಿತ್ತು. ಪುಟ್ಟಿಗೆ ಅಷ್ಟನ್ನೇ ಹೇಳಿದೆ.

"ಅಷ್ಟು ಸಾಕಾ? ಬಡಪಾಯಿ ಗಿರಾಕಿ ನೀನು," ಎಂದು ಕೆಲಸಕ್ಕೆ ಕೂತಳು. ಮೊದಲ ಫೋಟೋದಲ್ಲಿ ಹಲ್ಲು ಕಾಣಬೇಕು, ಎರಡನೆಯದರಲ್ಲಿ ಪಾದ ಕಾಣಬೇಕು, ಪೂರ್ತಿ ಮನುಷ್ಯಳು ಅಂತ ಗೊತ್ತಾಗಬೇಕು. ಗಂಡ ತೀರಿಕೊಂಡಿದ್ದಾರೆ ಎಂದು ನೇರವಾಗಿ ಹಾಕಿದಳು. "ಮುಚ್ಚಿಟ್ಟು ಮಾರಿದ್ರೆ ಮಾಲು ವಾಪಸ್ ಬರುತ್ತೆ ಅತ್ತಿಗೆ."

ಮೊದಲು ನಾನೇ ಬರೆದೆ. ಏನು ಮಾಡ್ತಿದ್ದೀರಿ ಎಂದು ಕೇಳಿದರೆ "ಕೆಲಸ" ಎಂದು ಬರೆದೆ. ಊಟ ಆಯ್ತಾ ಎಂದರೆ "ಆಯ್ತು." ಒಬ್ಬೊಬ್ಬರೇ ಸುಮ್ಮನಾದರು. ನಾನು ಪರೀಕ್ಷೆ ಮಾಡಿದ ಕಿವಿಗಳೇ ಒಂದೆರಡು ಎದುರು ಬಂದವು, ಬೇಗ ಬೇಗ ಪಕ್ಕಕ್ಕೆ ತಳ್ಳಿದೆ. ಒಂದು ಸಂಜೆಗೆ ಊರು ಮುಗಿಯಿತು. ಹತ್ತಿರದಲ್ಲಿ ಇನ್ನು ಯಾರೂ ಇಲ್ಲ ಎಂದು ಆ್ಯಪ್ ಕೈ ಚೆಲ್ಲಿತು.

ಉಳಿದವನು ಒಬ್ಬ. ಲಿಫ್ಟ್ ರಿಪೇರಿ ಮಾಡುವವನು. ವಿಚ್ಛೇದನ ಆಗಿತ್ತು. ಫೋಟೋದಲ್ಲಿ ಹೆಲ್ಮೆಟ್ ಹಾಕಿಕೊಂಡು, ಯಾವುದೋ ಕಟ್ಟಡದ ತಾರಸಿಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಪುಟ್ಟಿ ಫೋನು ಕಿತ್ತುಕೊಂಡಳು.

"ಇವನನ್ನೂ ನೀನು 'ಆಯ್ತು' ಅಂತ ಸಾಯಿಸ್ಬೇಡ," ಎಂದವಳು ನಾಲಿಗೆ ಕಚ್ಚಿಕೊಂಡಳು. ಕೇಳಿಸದವಳ ಹಾಗೆ ನಾನು ಬಾಲ್ಕನಿಗೆ ಹೋದೆ.

ಎರಡು ವಾರ ಅವಳೇ ಬರೆದಳು, ನಾನಾಗಿ. ಸಂಜೆ ಅಡುಗೆಮನೆಯ ಕಟ್ಟೆಗೆ ಒರಗಿ ಬರೆಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ನಾನು ಓದಲಿಲ್ಲ. ನನ್ನ ಫೋಟೋದ ಕೆಳಗೆ ಕೂತು ಬೇರೊಬ್ಬರು ನಗುವುದನ್ನು ಓದುವುದು ಹೇಗೋ ಅನಿಸಿತು. ಭೇಟಿ ಗೊತ್ತಾದ ದಿನ ಪಾಠ ಒಪ್ಪಿಸಿದಳು.

"ಅವನಿಗೆ ಒಬ್ಬಳು ಅಕ್ಕ, ಬಾಯಿ ಜೋರು. ಬೆಕ್ಕು ಅಂದ್ರೆ ಆಗಲ್ಲ. ನಗಿಸಿದ್ರೆ ನಗ್ತಾನೆ. ಹೋಗು, ಗೆದ್ದು ಬಾ."

"ನಾನೇನು ಮಾತಾಡಲಿ?"

"ನಾನು ಕಷ್ಟಪಟ್ಟು ಮೆಟ್ಟಿಲು ಕಟ್ಟಿದ್ದೀನಿ. ಹತ್ತೋದೂ ನನಗೇ ಹೇಳ್ತೀಯಾ?"

ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಕಾಫಿ ಶಾಪು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ, ಎದ್ದೆ, ಕೈ ತೊಳೆದು ಬಂದು ಮತ್ತೆ ಕೂತೆ. ಅವನು ಏದುಸಿರು ಬಿಡುತ್ತ ಬಂದ. ಇಸ್ತ್ರಿ ಮಾಡಿದ ಅಂಗಿ, ಉಗುರಿನಂಚಿನಲ್ಲಿ ತೊಳೆದರೂ ಹೋಗದ ಗ್ರೀಸು. ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡ.

"ಮುಖ್ಯಾಂಶಗಳು," ಎಂದ, ವಾರ್ತೆ ಓದುವವರ ದನಿಯಲ್ಲಿ. "ಲಿಫ್ಟ್ ರಿಪೇರಿಯವನ ವಿಳಂಬ ಆಗಮನ. ಟ್ರಾಫಿಕ್ ಮೇಲೆ ಆರೋಪ. ಆರೋಪ ತಳ್ಳಿಹಾಕಿದ ಟ್ರಾಫಿಕ್."

ಹೇಳಿ, ನಗುತ್ತ ನನ್ನ ಮುಖ ನೋಡಿದ. ಮುಂದಿನ ಸಾಲು ನನ್ನದು ಎನ್ನುವ ಹಾಗೆ.

ಹಾಗೆ ಮಾತಾಡುತ್ತಿದ್ದವನು ನನ್ನ ಗಂಡ. ಬಾತ್‌ರೂಮಿನ ನಲ್ಲಿ ಸೋರಿದರೆ, "ಸೋರಿಕೆ ತನಿಖೆಗೆ ಏಕಸದಸ್ಯ ಸಮಿತಿ." ಹಾಲು ಒಡೆದರೆ, "ಹಾಲು ದಿಢೀರ್ ರಾಜೀನಾಮೆ." ಜಗಳವಾಡಿ ನಾನು ಬಾಗಿಲು ಹಾಕಿಕೊಂಡರೆ ಆಚೆಯಿಂದ ಗಂಭೀರವಾಗಿ, "ಉಭಯ ಬಣಗಳ ಮಾತುಕತೆ ಮುರಿದುಬಿದ್ದಿದೆ. ಒಂದು ಬಣಕ್ಕೆ ಹಸಿವಾಗಿದೆ."

ಎದುರಿಗೆ ನಿಂತವನ ಬಾಯಿ ಬೇರೆ, ಹಲ್ಲು ಬೇರೆ. ಮಾತು ಮಾತ್ರ ಅದೇ. ಕಾಲು ಎದ್ದೇಳು ಎಂದವು.

"ನಡೆಯೋಣವಾ?" ಎಂದೆ.

"ಈಗ್ಲೇ ಕೌಂಟರಲ್ಲಿ ಕಾಫಿ ಹೇಳಿ ಬಂದೆ."

"ಕುಡಿದು ನಡೆಯೋಣ."

ಪಾಪ, ಸುಡುವ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. ಹೊರಗೆ ಬಂದೆವು. ನಾನು ಬೇಗ ಬೇಗ ನಡೆದೆ. ಟೈಲರ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ, ಸ್ಕೂಲಿನ ಉದ್ದ ಕಾಂಪೌಂಡು. ಅವನು ಒಂದೆರಡು ಮುಖ್ಯಾಂಶ ಹೇಳಿ ನೋಡಿದ, ನಾನು ಇನ್ನೂ ಬೇಗ ನಡೆದೆ. ಆಮೇಲೆ ಸುಮ್ಮನಾದ. ಸುಮ್ಮನಾದ ಮೇಲೆ ಅವನನ್ನು ಗಮನಿಸಲು ನನಗೆ ಬಿಡುವು ಸಿಕ್ಕಿತು. ಪ್ರತಿ ಸಲ ರಸ್ತೆ ದಾಟಿದಾಗಲೂ ಅವನು ಸುತ್ತಿ ಬಂದು ನನ್ನ ಎಡಕ್ಕೇ ಸೇರಿಕೊಳ್ಳುತ್ತಿದ್ದ.

"ನಿಮ್ಮ ಎಡಗಿವಿ ಮಂದ," ಎಂದೆ.

ಅವನು ನಿಂತುಬಿಟ್ಟ. "ಯಾರು ಹೇಳಿದ್ದು?"

"ಬಲಗಿವಿ ನನ್ನ ಕಡೆ ಇರೋ ಹಾಗೆ ನೋಡ್ಕೋತಿದ್ದೀರಿ."

"ಮೋಟಾರ್ ರೂಮಿನ ಸದ್ದು ಕಣ್ರೀ, ಎಷ್ಟು ವರ್ಷದ್ದು. ನಮ್ಮಕ್ಕಂಗೂ ಗೊತ್ತಿಲ್ಲ. ಅವಳು ಬೈಯೋಕೆ ಶುರು ಮಾಡಿದ್ರೆ ಆ ಕಿವಿ ತಿರುಗಿಸ್ತೀನಿ. ಅರ್ಧ ಬೈಗುಳ ಉಳಿತಾಯ."

ನಾನು ನಕ್ಕೆ. ನಗಬೇಕೆಂದುಕೊಳ್ಳುವ ಮೊದಲೇ ಬಾಯಿಂದ ಹಾರಿಬಿಟ್ಟಿತು. ಈ ಮಾತು ಅವನದೇ ಆಗಿತ್ತು. ಇನ್ನೊಂದು ಸಲ ಕೇಳಬೇಕು ಅನಿಸಿತು, ಅನಿಸಿದ್ದಕ್ಕೆ ಹೆದರಿಕೆಯಾಯಿತು. ಇನ್ನು ಮುಚ್ಚಿಡಲು ಆಗಲಿಲ್ಲ.

"ಆ ಮೆಸೇಜು ನಾನು ಬರೆದದ್ದಲ್ಲ."

"ಯಾವುದು?"

"ಎಲ್ಲಾನೂ. ಬರೆದದ್ದು ನನ್ನ ನಾದಿನಿ."

ಅವನು ಕಾಂಪೌಂಡಿಗೆ ಕೈ ಊರಿದ. "ಅಂದ್ರೆ, ಎರಡು ವಾರ ನಾನು ನಿಮ್ಮ ನಾದಿನಿ ಜೊತೆ ನಗ್ತಿದ್ನಾ?"

"ಅವಳ ಜೊತೇನೂ ಅಲ್ಲ. ಆ ಮುಖ್ಯಾಂಶ, ಆ ವಾರ್ತೆಯ ಧಾಟಿ... ಅದೆಲ್ಲ ನನ್ನ ಗಂಡನ ಮಾತು."

ಈಗ ದನಿ ತಗ್ಗಿಸುತ್ತಾನೆ ಎಂದು ಕಾದೆ. ಎಲ್ಲರೂ ತಗ್ಗಿಸುವುದು ಅಲ್ಲೇ.

"ಎಷ್ಟು ಚೆನ್ನಾಗಿ ಮಾತಾಡ್ತಾರ್ರೀ ಅವ್ರು!" ಎಂದ, ರಸ್ತೆಯಾಚೆ ಸೈಕಲ್ ಹತ್ತುತ್ತಿದ್ದವನು ತಿರುಗಿ ನೋಡುವಷ್ಟು ಜೋರಾಗಿ.

ಆಮೇಲೆ ಅವನ ಮುಖದಿಂದ ನಗು ಇಳಿಯಿತು. "ಸುಳ್ಳು ಹೇಳಲ್ಲ. ನಂಗೆ ಇಷ್ಟ ಆಗಿದ್ದು ಆ ಮಾತೇ. ದಿನಾ ಸಂಜೆ ಅದಕ್ಕೇ ಕಾಯ್ತಿದ್ದೆ. ಈಗ ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ. ಸ್ವಲ್ಪ ಯೋಚ್ನೆ ಮಾಡ್ತೀನಿ."

ಬೈಕ್ ನಿಲ್ಲಿಸಿದ ಕಡೆಗೆ ಹೋದ. ನಾನು ಬಸ್ಸು ಹತ್ತದೆ ಮನೆತನಕ ನಡೆದೆ.

ಪುಟ್ಟಿ ಬಾಗಿಲಲ್ಲೇ ಇದ್ದಳು. "ಏನಾಯ್ತು? ಲಿಫ್ಟ್ ಮೇಲೆ ಬಂತಾ, ಮಧ್ಯದಲ್ಲಿ ನಿಂತೋಯ್ತಾ?"

"ಅಣ್ಣನ ಮಾತು ಯಾಕೆ ಬರೆದೆ?"

ಅವಳ ಮುಖ ಸಣ್ಣದಾಯಿತು. ಹಾಲ್‌ನ ಸೋಫಾದ ಕೈ ಮೇಲೆ ಕೂತಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಅವಳೆದುರು ಅತ್ತಿಂದಿತ್ತ ಓಡಾಡುತ್ತಿದ್ದೆ.

"ಬೇರೆ ಥರ ಮಾತಾಡೋಕೆ ನಂಗೆಲ್ಲಿ ಬರುತ್ತೆ? ತಮಾಷೆ ಅಂತ ಕಲಿತಿದ್ದೇ ಅವನ ಹತ್ರ."

"ನನಗೊಂದು ಮಾತು ಹೇಳ್ಬೇಕಿತ್ತು. ಅವರು ಅದನ್ನ ನನ್ನೆದುರಿಗೇ ಹೇಳಿದ್ರು, ನನ್ನ ಮಾತು ಅಂದ್ಕೊಂಡು. ನನಗೆ ಹೇಗಾಗಿರಬೇಡ?"

"ಮೊದಲನೇ ದಿನ ಬಾಯ್ತಪ್ಪಿ ಬಂತು ಅತ್ತಿಗೆ. ಅವನು ನಕ್ಕ. ಆಮೇಲೆ ಬಿಡೋಕಾಗ್ಲಿಲ್ಲ." ಅವಳು ಸೋಫಾದ ಹೊಲಿಗೆ ಕೀಳುತ್ತ ಕೂತಳು. "ನೀನು ಅಣ್ಣನ ಸುದ್ದಿನೇ ಎತ್ತಲ್ಲ. ಅಮ್ಮನ ಮುಂದೆ ಎತ್ತಿದ್ರೆ ಸೆರಗು ಕಣ್ಣಿಗೆ ಹೋಗುತ್ತೆ. ನಾನು ಯಾರ ಹತ್ರ ಹೇಳ್ಲಿ? ಅಲ್ಲೊಬ್ಬ ಅದನ್ನ ಕೇಳಿ ನಗ್ತಿದ್ದ. ಅಣ್ಣ ಹೇಳಿ ಯಾರೋ ನಕ್ಕ ಹಾಗಿತ್ತು."

ಸತ್ತವನು ನನಗೆ ಮಾತ್ರ ಸತ್ತಿದ್ದಾನೆ ಎಂಬಂತೆ ನಾನು ಈ ಮನೆಯಲ್ಲಿ ಓಡಾಡಿಕೊಂಡಿದ್ದೆ.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಅದೇನು ಅವನ ಸ್ವಂತದ್ದಾ? ಶುರು ಮಾಡಿದ್ದು ನಿಮ್ಮ ಮಾವ. ಮದುವೆಯಾದ ಹೊಸದರಲ್ಲಿ ಆ ವಾರ್ತೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದು ತವರಿಗೆ ಹೋಗಿದ್ದೆ."

ಪುಟ್ಟಿ ನನ್ನ ಮುಖ ನೋಡಿದಳು, ನಾನು ಅವಳದು. ಆ್ಯಪ್ ವಿಷಯ ಅತ್ತೆಗೆ ಗೊತ್ತಿಲ್ಲ ಎಂದುಕೊಂಡಿದ್ದವರು ನಾವಿಬ್ಬರೇ.

"ಅಮ್ಮಾ, ನೀನು ಮಲಗಿಲ್ವಾ?"

"ನೀವು ಮಲಗೋಕೆ ಬಿಟ್ಟಿದ್ದೀರಾ? ಆ ಹುಡುಗನ್ನ ಕಾಯಿಸ್ಬೇಡಿ. ಹೂಂ ಅಂತೀರೋ ಉಹೂಂ ಅಂತೀರೋ, ಹೇಳಿ ಮುಗಿಸಿ."

ನಾನು ಪುಟ್ಟಿಯ ಮುಂದೆ ಕೈ ಚಾಚಿದೆ. ಹೊರಡುವಾಗ ಅವಳ ಹತ್ತಿರವೇ ಬಿಟ್ಟುಹೋಗಿದ್ದ ನನ್ನ ಫೋನು ಕೊಟ್ಟಳು. ನಿಂತೇ ಬರೆದೆ: "ನಿಮ್ಮನ್ನು ಇನ್ನೊಮ್ಮೆ ನೋಡಬೇಕು. ನನಗೆ ತಮಾಷೆ ಬರುವುದಿಲ್ಲ. ಮಾತು ಕಡಿಮೆ. ಇವತ್ತು ನಕ್ಕದ್ದು ನಾನೇ."

ಪುಟ್ಟಿ ಹೆಗಲ ಮೇಲಿಂದ ಓದಿದಳು. "ಅತ್ತಿಗೆ, ಇದು ಕರೆಂಟ್ ಆಫೀಸಿನ ನೋಟಿಸ್ ಥರ ಇದೆ."

"ಇರಲಿ."

"ಕೊನೇಲಿ ಏನಾದ್ರೂ ಒಂಚೂರು..."

ಕಳಿಸಿಬಿಟ್ಟೆ. ಫೋನನ್ನು ಮೇಜಿನ ಮೇಲಿಟ್ಟು ಕಿಟಕಿಗೆ ಹೋದೆ, ವಾಪಸು ಬಂದೆ. ಅವನು ಓದಿದ ಗುರುತು ಬಂದಿತ್ತು. ಬೇರೇನೂ ಬಂದಿರಲಿಲ್ಲ. ನೀರು ಕುಡಿದೆ. ಒಣಗಿದ ಬಟ್ಟೆ ತಂದು ಮಡಿಸಲು ಶುರು ಮಾಡಿ ಅರ್ಧಕ್ಕೆ ಬಿಟ್ಟೆ. ಅವನು ಬಾರದಿದ್ದರೆ ನನ್ನ ಬದುಕಿನಲ್ಲಿ ಏನೂ ಬದಲಾಗುವುದಿಲ್ಲ. ಏನೂ ಬದಲಾಗದೆ ಉಳಿಯುವುದೇ ಈಗ ಸಹಿಸಲು ಕಷ್ಟವೆನಿಸಿತು.

ಫೋನು ಮಿನುಗಿತು. ಪುಟ್ಟಿ ಹಾರಿ ನೋಡಿ ಪಕ್ಕಕ್ಕೆ ಸರಿದಳು.

"ಯಾರು ಬರೀತಿರೋದು?" ಎಂದು ಕೇಳಿದ್ದ.

"ನಾನೇ," ಎಂದು ಬರೆದೆ.

"ಅಷ್ಟೇನಾ?" ಎಂದಳು ಪುಟ್ಟಿ.

"ಅಷ್ಟೇ."

ಈಗ ಫೋನು ರಿಂಗಾಯಿತು. ಎತ್ತಿದೆ.

"ಬರೆದ್ರೆ ಯಾರು ಅಂತ ಗೊತ್ತಾಗಲ್ಲ. ಅದಕ್ಕೇ ಫೋನ್ ಮಾಡ್ದೆ," ಎಂದ. ಸ್ಪೀಕರ್ ಹಾಕದಿದ್ದರೂ ದನಿ ಹಾಲ್‌ಗೆಲ್ಲ ಕೇಳಿಸಿತು. "ಯೋಚ್ನೆ ಮಾಡ್ದೆ. ಆ ಮಾತು ಸಿಗಲ್ಲ ಅಂತ ಬೇಜಾರಿದೆ, ಇಲ್ಲ ಅನ್ನಲ್ಲ. ಆದ್ರೆ ಬರ್ತೀನಿ. ಭಾನುವಾರ ಸಂಜೆ? ಒಂದೇ ಒಂದು ಷರತ್ತು. ಇನ್ಮೇಲೆ ನಿಮ್ಮ ನಾದಿನಿ ಬರೆಯೋದು ಬೇಡ."

ಪುಟ್ಟಿ ಎದ್ದಳು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆಯತೊಡಗಿದಳು. ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ಹಿಂದೆ ಹೋದೆ. ಅವಳು ಬೆನ್ನು ತಿರುಗಿಸಿದಳು.

"ಹೋಗು ಅತ್ತಿಗೆ. ಲೈನಲ್ಲಿದ್ದಾನೆ."

ನಾನು ಹೋಗಲಿಲ್ಲ. ಅವಳ ಒದ್ದೆ ಮೊಣಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ನೋಡಿದಳು, ಆಮೇಲೆ ಆ ಪ್ರಯತ್ನ ಬಿಟ್ಟಳು.

"ಭಾನುವಾರ ಆಗುತ್ತೆ," ಎಂದೆ ಮೆಲ್ಲಗೆ.

"ಏನಂದ್ರಿ?" ಎಂದ ಆಚೆಯಿಂದ.

ನಲ್ಲಿಯ ಸದ್ದು ಇತ್ತು. ಒಳಗೆ ಅತ್ತೆ ಎಚ್ಚರವಿದ್ದರು. ಪುಟ್ಟಿ ಪಕ್ಕದಲ್ಲೇ ಇದ್ದಳು. ಇಡೀ ಮನೆಗೆ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ.