ದಾರ ಕಡಿಯುವ ಹಲ್ಲು

ನನ್ನ ಅತ್ತಿಗೆಯ ಬೆರಳುಗಳು ಕತ್ತರಿ ಹಿಡಿಯುವುದನ್ನು ಬಿಟ್ಟು ವರ್ಷಗಳಾದವು. ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಹಾಳುಮಾಡಿಕೊಳ್ಳುವ ಕಾಯಿಲೆ. ಹೊಲಿಗೆಯನ್ನು ಮಾತ್ರ ಅವಳು ಬಿಟ್ಟಿಲ್ಲ. ಬಟ್ಟೆ ಕತ್ತರಿಸಿಕೊಡುವುದು ನಾನು, ಅವಳ ನಾದಿನಿ. ಅಂಗೈಯಲ್ಲಿ ಬಟ್ಟೆ ತಳ್ಳುತ್ತಾ ಮಷೀನು ಓಡಿಸುವುದು ಅವಳು. ದಾರ ಕಡಿಯುವುದಕ್ಕೆ ಅವಳ ಬಲಗಡೆಯ ಕೋರೆಹಲ್ಲು.

"ಇದು ನನ್ನ ಮೂರನೇ ಕೈ. ಉಳಿದೆರಡಕ್ಕಿಂತ ಚೆನ್ನಾಗಿ ಹೇಳಿದ ಮಾತು ಕೇಳುತ್ತೆ" ಎನ್ನುತ್ತಿದ್ದಳು.

ನಮ್ಮ ಮನೆಯವರಿಗೆ ಒಂದು ಚಾಳಿ. ಅವಳಿಗೆ ಏನೇ ಆಗಲಿ, ಕಾಯಿಲೆಯ ತಲೆಗೆ ಕಟ್ಟುತ್ತೇವೆ. ಮರೆತರೆ ಕಾಯಿಲೆ, ರೇಗಿದರೆ ಕಾಯಿಲೆ, ಅಡುಗೆಗೆ ಉಪ್ಪು ಹೆಚ್ಚಾದರೂ ಕಾಯಿಲೆ. ಹಾಗಾಗಿ ಬಲಗೆನ್ನೆ ನೋಯತೊಡಗಿದಾಗ ಯಾರೂ ಹಲ್ಲನ್ನು ಅನುಮಾನಿಸಲಿಲ್ಲ. ಈ ಕಾಯಿಲೆಯಲ್ಲಿ ಮುಖದ ನರ ಕರೆಂಟು ಹೊಡೆದಂತೆ ನೋಯಬಹುದು ಎಂದು ನರಗಳ ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಅಣ್ಣ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಒಂದು ಬೆಳಿಗ್ಗೆ ಕೆನ್ನೆ ಊದಿಕೊಂಡಿತ್ತು. ನರ ಹಾಗೆ ಊದುವುದಿಲ್ಲ ಎನ್ನುವಷ್ಟು ಬುದ್ಧಿ ನನಗಿದೆ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪೂರ್ತಿ ಒರಗಿದರೆ ಅತ್ತಿಗೆಗೆ ನೀರು ನೆತ್ತಿಗೇರುತ್ತದೆ. ಡಾಕ್ಟರಮ್ಮ ಕುರ್ಚಿಯನ್ನು ನೆಟ್ಟಗಿಟ್ಟು, ನಡುನಡುವೆ ಬಿಡುವು ಕೊಟ್ಟು ನೋಡಿದರು.

"ಯಾವಾಗಿಂದ ನೋವು?"

"ತುಂಬಾ ದಿನ ಆಯ್ತು" ಎಂದಳು ಅತ್ತಿಗೆ, ನನ್ನ ಕಡೆ ನೋಡದೆ. "ಹಲ್ಲಿಂದೇ ಅಂತ ಗೊತ್ತಿತ್ತು. ಕಿತ್ತುಬಿಡ್ತೀರಿ ಅಂತ ಹೇಳ್ಲಿಲ್ಲ. ದಾರ ಕಡಿಯೋದು ಅದ್ರಲ್ಲೇ, ಅದು ಹೋದ್ರೆ ನನ್ನ ಹೊಲಿಗೇನೂ ಹೋಗುತ್ತೆ."

ನನಗೆ ಮೈಯೆಲ್ಲ ಉರಿಯಿತು. ಅಷ್ಟು ದಿನ ಪಕ್ಕದಲ್ಲೇ ಕೂತು ಬಟ್ಟೆ ಕತ್ತರಿಸಿದ್ದೆ.

"ಇದನ್ನ ಉಳಿಸ್ತೀನಿ" ಎಂದರು ಡಾಕ್ಟರಮ್ಮ. "ಇದ್ರಲ್ಲಿ ದಾರ ಕಡೀಬೇಡಿ ಅನ್ನೋದು ನನ್ನ ಕೆಲ್ಸ, ನೀವು ಕೇಳಲ್ಲ ಅನ್ನೋದೂ ಗೊತ್ತು. ಆದ್ರೆ ಉಳಿದ ಹಲ್ಲೂ ಇದೇ ದಾರೀಲಿವೆ. ಮಾತ್ರೆಗೆ ಬಾಯಿ ಒಣಗುತ್ತೆ, ಬಾತ್‌ರೂಮಿಗೆ ಹೋಗೋ ಕಷ್ಟಕ್ಕೆ ನೀವು ನೀರೂ ಕುಡಿಯಲ್ಲ. ಬ್ರಷ್ ಒಳಗಿನವರೆಗೆ ಹೋಗ್ತಿಲ್ಲ. ಉಜ್ಜೋದನ್ನ ಬೇರೆಯವರ ಕೈಗೆ ಕೊಡಿ."

ಅತ್ತಿಗೆ ಕಡ್ಡಿ ಮುರಿದ ಹಾಗೆ ಬೇಡ ಎಂದಳು.

ದಾರಿಯಲ್ಲಿ ನಾನು ಬಿಡಲಿಲ್ಲ. "ಹಲ್ಲು ಬೇಕು, ಉಜ್ಜಿಸ್ಕೊಳ್ಳೋದು ಬೇಡ. ಇದ್ಯಾವ ನ್ಯಾಯ?"

"ಸ್ನಾನ ನೀನು ಮಾಡಿಸ್ತೀಯ, ಬಟ್ಟೆ ನಿಮ್ಮಣ್ಣ ಹಾಕ್ತಾನೆ. ಬಾಯಾದ್ರೂ ನಂದಾಗಿರ್ಲಿ."

ಮನೆಗೆ ಬಂದು ಬ್ರಷ್ಷಿನ ಹಿಡಿಗೆ ದಪ್ಪ ರಬ್ಬರು ಸುತ್ತಿಕೊಟ್ಟೆ. ಅವಳು ಕೆಲವು ದಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒದ್ದಾಡಿದಳು. ಬ್ರಷ್ ಬೀಳುವ ಸದ್ದು ಕೇಳಿದರೂ ನಾನು ಎದ್ದು ಹೋಗಲಿಲ್ಲ.

ಆಮೇಲೊಂದು ದಿನ ಬಾಗಿಲು ತೆರೆಯಿತು. ಗದ್ದದ ಮೇಲೆ ಪೇಸ್ಟು, ವಸಡಿನಲ್ಲಿ ರಕ್ತ. ಸ್ಟೂಲಿನ ಮೇಲೆ ಕೂತು ಬ್ರಷ್ಷನ್ನು ನನ್ನತ್ತ ಚಾಚಿದಳು.

"ಬಾ. ನಿಮ್ಮಣ್ಣಂಗೆ ಹೇಳ್ಬೇಡ."

ಕಣ್ಣು ಮುಚ್ಚಿ ಬಾಯಿ ತೆರೆದಳು. ಎಷ್ಟು ಮೆಲ್ಲಗೆ ಉಜ್ಜಿದರೂ ಅವಳ ಕಣ್ಣಲ್ಲಿ ನೀರು ಬಂತು. ನಾನು ಕೈ ನಿಲ್ಲಿಸಿದೆ.

"ನೋವಾಯ್ತಾ?"

ಅವಳು ಉಗಿದು, ತುಟಿ ಒರೆಸಿಕೊಂಡಳು.

"ನೋವಲ್ಲ, ನಾಚಿಕೆ" ಎಂದಳು. "ನಾಳೆ ಸ್ವಲ್ಪ ಕಮ್ಮಿ ಆಗ್ಬಹುದು. ಎಡಗಡೆ ಇನ್ನೂ ಬಾಕಿ ಇದೆ, ಉಜ್ಜು."