ಹಸೆಗೆ ಕರೆಯುವ ಪದ

ಹಾಡುವವರಿಗೆ ಮಾತ್ರ ದಣಿವಾಗುತ್ತದೆ ಎಂದು ಜನ ತಿಳಿದಿದ್ದಾರೆ. ಸೊಲ್ಲು ಕೊಡುವವರಿಗೂ ಆಗುತ್ತದೆ. ನಾನು ಇಪ್ಪತ್ತು ವರ್ಷ ನನ್ನ ನಾದಿನಿ ಚಲುವಮ್ಮನ ಪದಕ್ಕೆ ಸೊಲ್ಲು ಕೊಟ್ಟವಳು. ಅವಳು ಒಂದು ಸಾಲು ಎತ್ತಿದರೆ ನಾನು ಅದರ ಕೊನೆ ಹಿಡಿದು ತಿರುಗಿ ಹೇಳಬೇಕು. ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ಉಸಿರು ಎಳೆದುಕೊಂಡು ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳಬೇಕು. ಸೋಬಾನೆ ನಡೆಯುವುದೇ ಹೀಗೆ, ಅದು ಒಬ್ಬರು ಹೇಳುವ ಪದವಲ್ಲ. ಆದರೆ ಸ್ಪರ್ಧೆಯ ಫಾರಂನಲ್ಲಿ ಹೆಸರು ಬರೆಯಲು ಒಂದೇ ಗೆರೆ ಇತ್ತು.

ನಮ್ಮದು ಕುಶಾಲನಗರದ ಪಕ್ಕದ ಊರು. ನನ್ನ ಮಾವನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಹೊಳೆದಂಡೆಯಲ್ಲಿ ಗದ್ದೆ ಮಾಡಿದವರು ನಾವು. ಕೊಡಗಿನವರಿಗೆ ನಾವು ಬಯಲುಸೀಮೆಯವರು, ಹಾಸನದ ನೆಂಟರಿಗೆ ಕೊಡಗಿನವರು. ಭತ್ತದ ಕುಯ್ಲು ಮುಗಿದ ಮೇಲೆ ಹೆಂಗಸರೆಲ್ಲ ಲಾರಿ ಹತ್ತಿ ಸುಂಟಿಕೊಪ್ಪದ ಒಂದು ಎಸ್ಟೇಟಿಗೆ ಕಾಫಿ ಹಣ್ಣಿನ ಪಿಕಿಂಗಿಗೆ ಹೋಗುತ್ತಿದ್ದೆವು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಸಾಲು ಹಿಡಿದ ಮೇಲೆ ಚಲುವಿ ಪದ ಎತ್ತಲೇಬೇಕು, ಇಲ್ಲದಿದ್ದರೆ ಯಾರ ಕೈಯೂ ಓಡುತ್ತಿರಲಿಲ್ಲ. ಅವಳ ಗಂಟಲು ಅಂಥದ್ದು. ಎತ್ತರಕ್ಕೆ ಹೋದಾಗ ಸ್ವಲ್ಪ ಒಡೆಯುತ್ತಿತ್ತು, ಆ ಒಡೆದ ಜಾಗದಲ್ಲಿ ಕೇಳುವವರ ಎದೆ ಹಿಂಡುತ್ತಿತ್ತು. ನನಗೆ ಅವಳ ಮೇಲೆ ಎಷ್ಟು ಸಿಟ್ಟಿದ್ದರೂ ಈ ಮಾತನ್ನು ಇಲ್ಲವೆನ್ನಲಾರೆ.

ಆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪದ್ಮಯ್ಯ ಮಡಿಕೇರಿ ಕಡೆಯ ಅರೆಭಾಷೆ ಮಾತಾಡುವ ಗೌಡರು. ರೇಡಿಯೋ ಎಂದರೆ ಪ್ರಾಣ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಆ ಸಂಭ್ರಮಕ್ಕೆಂದು ಒಂದು ಗ್ರಾಮಾಫೋನ್ ಕಂಪನಿಯವರು ಹಳ್ಳಿ ಹಾಡುಗಾರರ ಸ್ಪರ್ಧೆ ಇಟ್ಟಿದ್ದರು. ಕೊನೆಯ ಸುತ್ತು ಮೈಸೂರಿನಲ್ಲಿ, ರೇಡಿಯೋದಲ್ಲಿ ಇಡೀ ರಾಜ್ಯಕ್ಕೆ ಕೇಳುತ್ತದಂತೆ. ಪದ್ಮಯ್ಯ ಫಾರಂ ತರಿಸಿ, ಕಾಫಿ ಒಣಗಿಸುವ ಕಣಕ್ಕೆ ನಮ್ಮಿಬ್ಬರನ್ನೂ ಕರೆಸಿದರು.

"ರಂಗಮ್ಮ, ಇದರಲಿ ಒಬ್ಬರ ಹೆಸರು ಬರಿಯಕೆ ಮಾತ್ರ ಜಾಗ ಉಟ್ಟು. ಎಂತ ಮಾಡ್ದು?" ಎಂದು ನನ್ನನ್ನೇ ಕೇಳಿದರು.

"ಚಲುವಿ ಹೆಸ್ರೇ ಬರ್ಕಳಿ ಸ್ವಾಮಿ. ನನ್ನ ಗಂಟ್ಲು ಯಾರ್ಗ್ ಬೇಕು?" ಎಂದೆ.

ನಗುತ್ತಲೇ ಹೇಳಿದೆ. ಯಾರಾದರೂ ಒಬ್ಬರು ಹಾಗಲ್ಲ ರಂಗಮ್ಮ ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರೂ ಎನ್ನಲಿಲ್ಲ. ಚಲುವಿಯೂ ಎನ್ನಲಿಲ್ಲ. ಪದ್ಮಯ್ಯ ಮಸಿ ಒಣಗಲೆಂದು ಕಾಗದವನ್ನು ಊದಿದರು.

ಚಲುವಿ ಕೊನೆಯ ಸುತ್ತಿಗೆಂದು ಮೈಸೂರಿಗೆ ಹೋದ ಸಂಜೆ ಪದ್ಮಯ್ಯ ರೇಡಿಯೋವನ್ನು ಆಫೀಸಿನ ಕಿಟಕಿಯಲ್ಲಿಟ್ಟರು. ನಾವೆಲ್ಲ ಕಣದಲ್ಲಿ ಕುಳಿತು ಕೇಳಿದೆವು. ಚಲುವಿ ಹೇಳಿದ್ದು ಹಸೆಗೆ ಕರೆಯುವ ಪದ. ನಾನು ಸೊಲ್ಲು ಕೊಡಬೇಕಾದ ಕಡೆಯಲ್ಲೆಲ್ಲ ಯಾರೋ ಪಿಟೀಲು ಕುಯ್ದರು. ಆದರೂ ಅಭ್ಯಾಸ ಬಿಡುತ್ತದೆಯೇ? ಆ ಜಾಗ ಬಂದಾಗಲೆಲ್ಲ ಕಣದಲ್ಲಿದ್ದ ಅಷ್ಟೂ ಹೆಂಗಸರು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆವು. ಮೊದಲ ಬಹುಮಾನ ಚಲುವಮ್ಮನಿಗೆ ಎಂದು ಹೇಳಿದಾಗ ಪದ್ಮಯ್ಯ ಟೋಪಿ ಎಸೆದು ಕುಣಿದರು. ನನಗೆ ಅಳು ಬಂತು. ಅರ್ಧ ಸಂತೋಷಕ್ಕೆ ಅತ್ತೆ, ಉಳಿದರ್ಧದ ಮಾತು ಬೇಡ. ಪೇಪರಿನವರು ಆತ್ಮವನ್ನೇ ಹಾಡಾಗಿಸಿದ ಕೊಡಗಿನ ಕೋಗಿಲೆ ಎಂದು ಬರೆದರು. ಅವಳ ಬಣ್ಣ ನೋಡಿ ಬರೆದಿರಬೇಕು ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ಓಡಾಡಿದೆ.

ಆಮೇಲೆ ಕಂಪನಿಯವರು ಆ ಪದವನ್ನು ರೆಕಾರ್ಡು ಮಾಡಿದರು. ಅಲ್ಲೇ ಆಗಿದ್ದು ಎಡವಟ್ಟು.

ಆ ಪದ ಎಷ್ಟು ದೊಡ್ಡದೆಂದು ತಿಳಿಯದವರಿಗೆ ಹೇಳಬೇಕು. ಮದುವೆಯ ದಿನ ಹೆಣ್ಣು ಒಳಕೋಣೆಯಲ್ಲಿ ಕುಳಿತಿರುತ್ತಾಳೆ. ಚಪ್ಪರದಲ್ಲಿ ಹಸೆ ಹಾಸಿರುತ್ತಾರೆ. ಸೋದರತ್ತೆಯಾದವಳು ಪದ ಎತ್ತಿ ಮೊದಲು ಮನೆದೇವರನ್ನು ಕರೆಯುತ್ತಾಳೆ, ಆಮೇಲೆ ಹೊಳೆಯನ್ನು, ಆಮೇಲೆ ಸತ್ತ ಹಿರಿಯರನ್ನು ಒಬ್ಬೊಬ್ಬರಾಗಿ, ಆಮೇಲೆ ಸೋದರಮಾವಂದಿರನ್ನು. ಎಲ್ಲರೂ ಬಂದು ಕುಳಿತ ಮೇಲೆ ಕಟ್ಟಕಡೆಗೆ ಹೆಣ್ಣಿನ ಹೆಸರು ಹಿಡಿದು ಕರೆಯುತ್ತಾಳೆ. ಹೆಸರು ಕೇಳಿದ ಮೇಲೆಯೇ ಹೆಣ್ಣು ಎದ್ದು ಬರಬೇಕು. ನಿಧಾನವಾಗಿ ಹೇಳಿದರೆ ಅರ್ಧ ಗಂಟೆ ಹಿಡಿಯುತ್ತದೆ. ಹೆತ್ತವಳು ಮಾತ್ರ ಕರೆಯಬಾರದು. ಸೊಲ್ಲು ಕೊಡಬಹುದು, ಹೆಸರು ಎತ್ತಬಾರದು. ತಾಯಿಯೇ ಮಗಳನ್ನು ನನ್ನ ಮನೆಯಿಂದ ಎದ್ದು ಹೋಗು ಎಂದಂತಾಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರೇ ನಿಮಿಷ. ಹಿರಿಯರು ಹೋದರು, ಸೋದರಮಾವಂದಿರು ಹೋದರು. ಕೊನೆಗೆ ಹೆಣ್ಣಿನ ಹೆಸರೂ ಹೋಯಿತು. ರೆಕಾರ್ಡನ್ನು ಊರೂರಿನವರು ಕೊಳ್ಳುತ್ತಾರೆ, ಅದರಲ್ಲಿ ಯಾರ ಮನೆ ಹುಡುಗಿಯ ಹೆಸರು ಹಾಕುವುದು ಎಂದು ಕಂಪನಿಯವರು ಕೇಳಿದರಂತೆ. ದೇವರನ್ನು ಕರೆದು, ಹೊಳೆಯನ್ನು ಕರೆದು, ಸೋಬಾನೆ ಸೋಬಾನೆ ಎಂದು ಎರಡು ಸಲ ಎಳೆದರೆ ಮುಗಿಯಿತು.

ಜನಕ್ಕೆ ಅಷ್ಟೇ ಸಾಕಾಯಿತು. ಎರಡು ವರ್ಷ ಚಲುವಿ ಮನೆಯಲ್ಲಿ ಕಾಲು ನಿಲ್ಲಿಸಿದವಳಲ್ಲ. ಸಿದ್ದಾಪುರದ ಶಾಲೆ ವಾರ್ಷಿಕೋತ್ಸವ, ಮೈಸೂರಿನ ವಸ್ತುಪ್ರದರ್ಶನ, ಬೆಂಗಳೂರಿನಲ್ಲಿ ಮಂತ್ರಿಗಳ ಮುಂದೆ. ಅವಳ ಗಂಡ ಸಣ್ಣಸ್ವಾಮಿ ಟ್ರಂಕು ಹೊತ್ತುಕೊಂಡು ಹಿಂದೆ ಹಿಂದೆ. ಬಸ್ಸಿನಲ್ಲಿ ಕಂಡಕ್ಟರು ಎದ್ದು ಜಾಗ ಮಾಡಿಕೊಡುತ್ತಿದ್ದನಂತೆ. ಅಪರೂಪಕ್ಕೆ ನಮ್ಮ ಮನೆಗೆ ಬಂದರೆ ಅವಳು ಮೊದಲು ಕೇಳುತ್ತಿದ್ದುದು ಚಾಪೆ. ಅಡುಗೆಮನೆಯ ನೆಲದಲ್ಲೇ ಬಿದ್ದು ಮಲಗಿಬಿಡುತ್ತಿದ್ದಳು.

"ಎಲ್ಲೋದ್ರೂ ಅದೊಂದೇ ಕೇಳ್ತರೆ ಅತ್ಗೆ," ಎಂದು ಒಮ್ಮೆ ಮಲಗಿದ್ದಲ್ಲಿಂದಲೇ ಹೇಳಿದಳು. "ಸೋಬಾನೆ ಅಂದೇಟ್ಗೆ ಚಪ್ಪಾಳೆ ಬಿದ್ಬುಡ್ತದೆ. ಇನ್ನೂ ಯಾರ್ನೂ ಕರ್ದೇ ಇಲ್ವಲ್ಲ, ಆಗ್ಲೇ ಮುಗ್ದೋಯ್ತಾ ಅನ್ನುಸ್ತದೆ. ಸಾಕಾಗೋಗದೆ ಕಣತ್ಗೆ."

"ಸಾಕಾದ್ರೆ ಬುಟ್ಬುಡು," ಎಂದೆ.

"ಹೆಂಗ್ ಬುಡ್ಲಿ? ಮುಂದಿನ್ ತಿಂಗ್ಳ ಗಂಟ ಒಪ್ಕಂಡಿವ್ನಿ," ಎಂದು ಆ ಕಡೆ ತಿರುಗಿದಳು. ಅವಳ ಪಾದ ಊದಿಕೊಂಡಿತ್ತು. ನನ್ನ ಸಿಟ್ಟನ್ನು ನುಂಗಿಕೊಂಡು ಎಣ್ಣೆ ಬಿಸಿ ಮಾಡಿ ತಿಕ್ಕಿದೆ.

ಆ ವರ್ಷವೇ ನನ್ನ ಮಗಳು ಸರೋಜನಿಗೆ ಗಂಡು ಗೊತ್ತಾಯಿತು. ಇರುವವಳು ಒಬ್ಬಳೇ ಮಗಳು. ನನಗೆ ಒಡವೆಯ ಆಸೆ ಇರಲಿಲ್ಲ, ಊಟದ ಚಿಂತೆ ಗಂಡ ಜವರಯ್ಯನಿಗೆ ಬಿಟ್ಟಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಚಲುವಿ ಇಡೀ ಪದ ಎತ್ತಬೇಕು, ನಾನು ಸೊಲ್ಲು ಕೊಡಬೇಕು, ನನ್ನ ಮಗಳು ಹೆಸರು ಕರೆಸಿಕೊಂಡು ಹಸೆಗೆ ಬರಬೇಕು. ಸರೋಜ ತೊಟ್ಟಿಲಲ್ಲಿದ್ದಾಗಲೇ ಚಲುವಿ ಕೊಟ್ಟ ಮಾತು ಅದು. ಒಂದು ದಿನ ಕುಳಿತು ಇಬ್ಬರೂ ಪೂರ್ತಿ ಹೇಳಿ ನೋಡೋಣ ಎಂದು ಮೂರು ಸಲ ಹೇಳಿ ಕಳಿಸಿದೆ. ಅದೇನು ಮರೆತುಹೋಗುವ ಪದವೇ ಎಂದು ಹೇಳಿ ಕಳಿಸಿದಳು.

ಮದುವೆಯ ಬೆಳಿಗ್ಗೆ ಚೆಟ್ಟಳ್ಳಿಯಿಂದ ಜೀಪಿನಲ್ಲಿ ಬಂದಿಳಿದಳು. ಹಿಂದಿನ ಸಂಜೆ ಅಲ್ಲೊಂದು ಎಸ್ಟೇಟಿನಲ್ಲಿ ಹಾಡಿದ್ದಳು. ಮುಖಕ್ಕೆ ಪೌಡರ್ ಇತ್ತು, ಕಣ್ಣಿನಲ್ಲಿ ನಿದ್ದೆ ಇತ್ತು. ಚಪ್ಪರದ ತುಂಬ ಜನ. ಕರೆಯದವರೂ ಬಂದಿದ್ದರು, ಅವಳನ್ನು ನೋಡಲಿಕ್ಕೆ. ಸುಂಟಿಕೊಪ್ಪದ ಮೈಕ್‌ಸೆಟ್ ತಿಮ್ಮಯ್ಯ ಅವಳಿಗೆಂದೇ ಮೈಕನ್ನು ಎತ್ತರಕ್ಕೆ ಕಟ್ಟಿದ್ದ. ಹಿಂದೆಲ್ಲ ಹಸೆಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಹೇಳುತ್ತಿದ್ದ ಪದವನ್ನು ಅವಳು ನಿಂತು ಶುರು ಮಾಡಿದಳು. ನಾನು ಕೆಳಗೆ ಚಾಪೆಯ ಮೇಲೆ ಕುಳಿತಿದ್ದೆ.

ಮೊದಲ ಸಾಲಿಗೇ ಗೊತ್ತಾಯಿತು. ನಾನು ಸೊಲ್ಲು ಹಿಡಿಯುವಷ್ಟರಲ್ಲಿ ಅವಳು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದಳು. ನನ್ನ ದನಿಯೂ ಅವಳ ದನಿಯೂ ಡಿಕ್ಕಿ ಹೊಡೆದವು. ಕಾಯುವುದನ್ನೇ ಮರೆತಿದ್ದಳು. ಎರಡು ಸಲ ಹಾಗಾದ ಮೇಲೆ ನಾನೇ ಬಾಯಿ ಮುಚ್ಚಿಕೊಂಡೆ. ದೇವರನ್ನು ಕರೆದಳು, ಹೊಳೆಯನ್ನು ಕರೆದಳು. ಸೋಬಾನೆ ಎಂದು ಎರಡು ಸಲ ಎಳೆದು ಕೈಮುಗಿದಳು.

ಚಪ್ಪರ ಬಿದ್ದುಹೋಗುವ ಹಾಗೆ ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಎಲ್ಲರೂ ಒಳಬಾಗಿಲ ಕಡೆ ನೋಡಿದರು. ಸರೋಜ ಬರಲಿಲ್ಲ. ಹೇಗೆ ಬರುತ್ತಾಳೆ? ಅವಳನ್ನು ಯಾರೂ ಕರೆದಿರಲಿಲ್ಲ.

"ಮುಂದಕ್ಕೇಳು," ಎಂದು ನಾನು ಚಲುವಿಯ ಸೆರಗು ಜಗ್ಗಿದೆ.

ಅವಳು ಬಗ್ಗಿ ನನ್ನ ಕಿವಿಯಲ್ಲಿ, "ಬತ್ತಾ ಇಲ್ಲ ಅತ್ಗೆ. ಒಂದ್ ಸಾಲೂ ಬತ್ತಾ ಇಲ್ಲ," ಎಂದಳು. ಪೌಡರಿನ ಮೇಲೆ ಬೆವರು ಇಳಿಯುತ್ತಿತ್ತು.

ತಿಮ್ಮಯ್ಯ ಒಳ್ಳೆಯವನೇ. ಸಹಾಯ ಮಾಡೋಣ ಎಂದುಕೊಂಡು ಅವಳದೇ ರೆಕಾರ್ಡನ್ನು ಹಾಕಿದ. ಚಪ್ಪರದ ನಾಲ್ಕು ಮೂಲೆಯಿಂದಲೂ ಚಲುವಿಯ ದನಿ ಬಂತು. ಎರಡು ವರ್ಷದ ಹಿಂದಿನ ದನಿ, ದಣಿವು ಕಾಣದ ದನಿ. ಜನಕ್ಕೆ ಖುಷಿಯೋ ಖುಷಿ. ಮೂರು ನಿಮಿಷಕ್ಕೆ ಮುಗಿಯಿತು. ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೇ ಇಟ್ಟ. ಚಲುವಿ ತನ್ನ ಹಾಡನ್ನು ತಾನೇ ಕೇಳುತ್ತ ಮೈಕಿನ ಮುಂದೆ ನಿಂತಿದ್ದಳು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು. ನನ್ನ ಗಂಡ ಹತ್ತಿರ ಬಂದ.

"ಓಗ್ಲಿ ಬುಡಮ್ಮಿ. ಎಣ್ಣ ಕರ್ಕಬಂದು ಕೂರ್ಸುದ್ರಾಯ್ತು. ಎಲ್ಲಾ ಒಂದೇಯ."

"ಒಂದೇ ಅಲ್ಲ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ತಿಮ್ಮಯ್ಯ, ನಿಲ್ಸಪ್ಪ ಅದ!"

ರೆಕಾರ್ಡು ನಿಂತಿತು. ನಾನು ಚಲುವಿಯ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡೆ. ಎರಡು ವರ್ಷದ ಸಿಟ್ಟೆಲ್ಲ ಬಾಯಿಗೆ ಬಂದಿತ್ತು, ಆದರೆ ಅವಳು ನನ್ನ ಸೆರಗಿನಲ್ಲೇ ಮುಖದ ಬೆವರು ಒರೆಸಿಕೊಂಡಳು. ಬೈಯಲಾಗಲಿಲ್ಲ.

ನಾನು ಜನ್ಮದಲ್ಲಿ ಪದ ಎತ್ತಿದವಳಲ್ಲ. ನನಗೆ ಗೊತ್ತಿರುವುದು ಸಾಲುಗಳ ಕೊನೆ ಮಾತ್ರ. ಅದನ್ನೇ ಹೇಳಿದೆ. ಸಾಲಿಲ್ಲದ ಸೊಲ್ಲು, ಗಾಳಿಗೆ ಕೊಟ್ಟ ಹಾಗೆ. ಬಂಡಿ ಕಟ್ಟಿ ಬಂದೋರು ಸೋಬಾನೆ ಎಂದೆ. ಚಲುವಿ ಕಣ್ಣು ಮುಚ್ಚಿಕೊಂಡಳು. ಮತ್ತೆ ಎಂದೆ. ಆಗ ಅವಳ ಬಾಯಿಗೆ ಆ ಕೊನೆಯ ಹಿಂದಿದ್ದ ಸಾಲು ಬಂತು, ನಮ್ಮ ಮಾವ ಹಾಸನದಿಂದ ಬಂಡಿ ಕಟ್ಟಿದ ಸಾಲು. ನಾನು ಮುಂದಿನ ಕೊನೆ ಕೊಟ್ಟೆ. ಅವಳು ಅದರ ಸಾಲು ಹುಡುಕಿದಳು. ಹೀಗೆ ಹಿಂದುಮುಂದಾಗಿ, ತಡವರಿಸುತ್ತ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದೆವು. ಮೈಕು ಎತ್ತರದಲ್ಲಿತ್ತು, ನಮ್ಮ ದನಿ ಅದಕ್ಕೆ ಸಿಗಲಿಲ್ಲ. ಅವಳ ಗಂಟಲು ಪೂರ್ತಿ ಒಡೆದಿತ್ತು. ನೋಡಲು ಬಂದ ಜನ ಬೇಜಾರಾಗಿ ಕಾಫಿ ಕುಡಿಯಲು ಎದ್ದು ಹೋದರು. ಹೋಗಲಿ ಎಂದುಕೊಂಡೆ. ಸೋದರಮಾವಂದಿರನ್ನು ಕರೆಯುವ ಹೊತ್ತಿಗೆ ಚಲುವಿ ನನ್ನ ಸೊಲ್ಲಿಗೆ ಕಾಯುತ್ತಿದ್ದಳು. ಹಿಂದಿನ ಹಾಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದಳು.

ಇನ್ನು ಹೆಸರು ಬರಬೇಕು.

ಚಲುವಿ ಉಸಿರು ಎಳೆದುಕೊಂಡು ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೊಂದು ಸಲ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಎರಡು ವರ್ಷ ಊರೂರಿಗೆ ಹಂಚಿದ ಗಂಟಲು ನನ್ನ ಮಗಳ ಹೆಸರಿನ ಹತ್ತಿರ ಬಂದು ಮುಗಿದುಹೋಗಿತ್ತು. ಅವಳು ನನ್ನ ಕಡೆ ತಿರುಗಿದಳು. ತಪ್ಪಾಯಿತು ಎನ್ನುವುದು ಅವಳ ಕಣ್ಣಲ್ಲಿತ್ತು, ಆದರೆ ತಪ್ಪನ್ನು ಕೇಳುವ ಹೊತ್ತು ಅದಾಗಿರಲಿಲ್ಲ. ಒಳಬಾಗಿಲಲ್ಲಿ ಸರೋಜನ ಸೀರೆಯ ನೆರಿಗೆ ಮಾತ್ರ ಕಾಣುತ್ತಿತ್ತು. ಹೊಸಲಿನ ಆಚೆ ನಿಂತು ಕಾಯುತ್ತಿದ್ದಳು.

ಬೇರೆ ಯಾರಿಗೂ ಆ ಸಾಲು ಗೊತ್ತಿರಲಿಲ್ಲ, ಅಷ್ಟು ಸಲ ಕೇಳಿ ನನಗೆ ಅದೊಂದು ಮಾತ್ರ ಪೂರ್ತಿ ಗೊತ್ತಿತ್ತು. ಇಪ್ಪತ್ತು ವರ್ಷ ಊರಿನ ಎಷ್ಟು ಹೆಣ್ಣುಮಕ್ಕಳನ್ನು ನಾವಿಬ್ಬರೂ ಹೀಗೆ ಕರೆದು ಕಳಿಸಿದ್ದೆವು. ಅವರ ತಾಯಂದಿರು ಮೂಲೆಯಲ್ಲಿ ನಿಂತು ಅಳುತ್ತಿದ್ದರು. ಏನು ಇಷ್ಟು ಅಳುವುದು, ಪಕ್ಕದೂರಿಗೆ ತಾನೇ ಹೋಗುವುದು ಎಂದು ನಾನು ಒಳಗೊಳಗೇ ನಕ್ಕಿದ್ದೂ ಉಂಟು. ಹೆತ್ತವಳು ಕರೆಯಬಾರದು ಎಂದು ಯಾಕೆ ಮಾಡಿದ್ದಾರೆಂದು ಆಗ ತಿಳಿಯಿತು. ಆ ಮಾತು ಹೊಟ್ಟೆಯಿಂದ ಮೇಲಕ್ಕೆ ಬರುವುದೇ ಇಲ್ಲ.

"ಸರೋಜ," ಎಂದು ಎತ್ತಿದೆ. ಬಿರುಕು ಬಿದ್ದ ದನಿ, ರಾಗವೂ ಸರಿಯಿರಲಿಲ್ಲ. "ಏಳವ್ವ ಸರೋಜ, ನಮ್ಮನೇಲಿ ಕುಂತಿದ್ದು ಸಾಕು, ಹಸೆಗೆ ಬಾರವ್ವ."

ಪಕ್ಕದಲ್ಲಿ ಚಲುವಿ ಗಾಳಿಯಂಥ ದನಿಯಲ್ಲಿ ಸೊಲ್ಲು ಕೊಟ್ಟಳು, ಹಸೆಗೆ ಬಾರವ್ವ ಎಂದು. ಅವಳು ಕೊಡುವಷ್ಟು ಹೊತ್ತು ನನಗೆ ಉಸಿರು ಎಳೆದುಕೊಳ್ಳಲು ಸಿಕ್ಕಿತು.

ಸರೋಜ ಹೊಸಲು ದಾಟಿ ಬಂದಳು. ಕರೆದದ್ದು ಯಾರೆಂದು ಅವಳಿಗೆ ತಿಳಿದಿತ್ತು. ಹಸೆಯ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತ ನಿಂತಳು, ನಿಜವಾಗಿಯೂ ಹೋಗಲೇನವ್ವ ಎನ್ನುವ ಹಾಗೆ. ನಾನು ಇನ್ನೊಂದು ಸಲ ಅವಳ ಹೆಸರು ಹಿಡಿದು ಕರೆದೆ.