ನೊಣದಮ್ಮನ ಸೆಕೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ನೊಣದಮ್ಮ ಎನ್ನುತ್ತಿದ್ದರು. ಹಣ್ಣಿನ ನೊಣದ ಹೊಟ್ಟೆಯಿಂದ ಕೂದಲೆಳೆಯಂಥ ಮೂತ್ರನಾಳವನ್ನು ಹರಿಯದಂತೆ ಬಿಡಿಸಿ, ಎಣ್ಣೆಯೊಳಗಿಟ್ಟು, ಅದರ ತುದಿಯಲ್ಲಿ ಒಸರುವ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುವುದು ಅವಳ ಕೆಲಸ. ಇಪ್ಪತ್ತು ವರ್ಷ ಬೇರೆಯವರ ಜೀನ್‌ಗಳಿಗೆ ಹನಿ ಅಳೆದವಳಿಗೆ ಈಗ ತನ್ನದೇ ಎನ್ನುವ ಒಂದು ಜೀನ್ ಸಿಕ್ಕಿತ್ತು. ಅದರ ಬಾಯಿ ಮುಚ್ಚಿಸಿದರೆ ಹನಿ ಕುಗ್ಗುತ್ತದೆ ಎಂಬುದು ಅವಳ ವಾದ. ಆದರೆ ಮೂರು ವಾರದಿಂದ ಹನಿ ದುಂಡುದುಂಡಗೆ ಉಬ್ಬುತ್ತಲೇ ಇತ್ತು.

"ಶುಕ್ರವಾರದವರೆಗೆ ನೋಡೋಣ ಮೇಡಂ," ಎಂದಿದ್ದ ಮುಖ್ಯಸ್ಥ, ಅವಳ ತಮ್ಮನಿಗಿಂತ ಚಿಕ್ಕವನು. "ಆಮೇಲೆ ಆ ಜೀನ್ ಕೈಬಿಡೋಣ."

ಗುರುವಾರ ಬಾಟಲಿ ತೊಳೆಯುವವಳು ಸ್ವೆಟರ್ ಹಾಕಿಕೊಂಡು ನೊಣದ ಕೋಣೆಗೆ ಬಂದಳು.

"ಇದೇನೇ, ಈ ಬಿಸಿಲಲ್ಲಿ?"

"ಬಿಸಿಲು ಹೊರಗೆ ಅಕ್ಕಾ. ಒಳಗೆ ಹಲ್ಲು ಕಟಕಟ ಅಂತದೆ. ನೊಣಗಳಿಗೂ ಒಂದೊಂದು ಹೊಲಿಸೋಣ ಅಂತಿದ್ದೆ."

ನೊಣದಮ್ಮ ನಕ್ಕಳು. ನಗುತ್ತಲೇ ಬಾಗಿಲ ಪಕ್ಕದ ಉಷ್ಣತೆಯ ಗುಂಡಿಯತ್ತ ತಟ್ಟನೆ ತಿರುಗಿ ನೋಡಿದಳು. ಈ ನೊಣಗಳಲ್ಲಿ ಜೀನ್ ಸುಮ್ಮನಾಗುವುದು ಕೋಣೆ ಇಪ್ಪತ್ತೊಂಬತ್ತು ಡಿಗ್ರಿ ಬೆಚ್ಚಗಿದ್ದರೆ ಮಾತ್ರ. ತಣ್ಣಗಾದರೆ ಅದು ಎಂದಿನಂತೆ ಕೆಲಸ ಮಾಡುತ್ತದೆ. ಕೆಲವು ತಿಂಗಳಿಂದ ಅವಳಿಗೆ ಎದೆಯಿಂದ ಕಿವಿಯವರೆಗೆ ಇದ್ದಕ್ಕಿದ್ದಂತೆ ಬೆಂಕಿ ಹತ್ತುತ್ತಿತ್ತು. ಮನೆಯಲ್ಲಿ ಒಲೆಯ ಮೇಲೆ ನೆಪ ಹಾಕುತ್ತಿದ್ದಳು. ಇಲ್ಲಿ, ಕೈ ತಾನಾಗಿ ಆ ಗುಂಡಿಗೆ ಹೋಗಿ ಹದಿನೆಂಟಕ್ಕೆ ತಿರುಗಿಸುತ್ತಿತ್ತು. ದಾಖಲೆ ಪುಸ್ತಕದಲ್ಲಿ ಮಾತ್ರ ಅಭ್ಯಾಸಬಲದಿಂದ ದಿನವೂ ಇಪ್ಪತ್ತೊಂಬತ್ತೆಂದೇ ಬರೆದಿದ್ದಳು.

ಕೋಣೆ ಬೆಚ್ಚಗಿಡುವ ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ರಿಪೇರಿಯವನು ಬಂದು ಚೆನ್ನಾಗಿದೆ ಎಂದುಬಿಟ್ಟರೆ? ಒಡಹುಟ್ಟಿದ ಅಕ್ಕನಿಗೂ ಹೇಳದ ಮಾತನ್ನು ಈ ಹುಡುಗ ಮುಖ್ಯಸ್ಥನಿಗೆ ಹೇಳಬೇಕಲ್ಲ ಎಂದು ಮೆಟ್ಟಿಲ ಮೇಲೆ ಎರಡು ಸಲ ಹಿಂದೆ ತಿರುಗಿದಳು. ಹೇಳದಿದ್ದರೆ ಜೀನ್ ಕಸದ ಬುಟ್ಟಿಗೆ.

"ಸರ್, ಜೀನಿಂದೇನೂ ತಪ್ಪಿಲ್ಲ. ನನಗೆ ಮುಟ್ಟು ನಿಲ್ತಿದೆ. ಸೆಕೆ ತಡೀಲಾರದೆ ಕೋಣೆ ತಣ್ಣಗೆ ಮಾಡಿಬಿಟ್ಟೆ."

ಅವನು ಪೆನ್ನು ನೋಡಿದ, ಚಾವಣಿ ನೋಡಿದ. "ಇದನ್ನ... ವರದಿಯಲ್ಲಿ ಹೇಗೆ ಬರೆಯೋದು ಮೇಡಂ?"

"ಇದ್ದ ಹಾಗೇ ಬರೀರಿ. ನಿಮ್ಮಮ್ಮನ್ನೇ ಕೇಳಿ, ಹೇಳಿಕೊಡ್ತಾರೆ."

ಅವನು ಪೆನ್ನು ಕೆಳಗಿಟ್ಟ. "ಅದಕ್ಕೇನಾ ಅಮ್ಮ ಫ್ಯಾನಿಗೋಸ್ಕರ ಅಪ್ಪನ ಜೊತೆ ಜಗಳ ಆಡ್ತಿದ್ದಿದ್ದು!" ಎಂದವನೇ ಇನ್ನೂ ಹತ್ತು ದಿನ ಕೊಟ್ಟ.

ಹತ್ತನೆಯ ದಿನ, ಸರಿಯಾಗಿ ಇಪ್ಪತ್ತೊಂಬತ್ತು ಡಿಗ್ರಿಯಲ್ಲಿ, ಬಾಟಲಿಯವಳು ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ನೊಣದಮ್ಮ ಉಸಿರು ಬಿಗಿಹಿಡಿದು ಅಳೆದಳು. ಮಾಮೂಲಿ ನೊಣದ ಹನಿ ದುಂಡಗಿತ್ತು. ಅವಳ ನೊಣದ್ದು ಅದರ ಅರ್ಧವೂ ಇರಲಿಲ್ಲ.

"ಕುಗ್ಗಿದೆ ಕಣೇ!"

"ನಿಮ್ಮ ಹನಿ ಕುಗ್ಗಿಲ್ಲ ಅಕ್ಕಾ. ಮೂಗಿನ ತುದಿಯ ಬೆವರು ಒರೆಸ್ಕೊಳ್ಳಿ, ಎಣ್ಣೆಗೆ ಬಿದ್ದೀತು."